ವರ್ಷಕ್ಕೊಂದು ಸಲ ಬಂದು ಗೋಡೆಗೆ ಬಣ್ಣ ಹೊಡೆದು ಹೋಗುವ ತಂಡಗಳಿಗೆ ಏನು ಹೇಳೋದು?

ಸಂಜೆ ಓದುಮನೆ (ಮಧುಗಿರಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ನಾವು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಕ್ಕಳಿಗೆ ಸಂಜೆ ಲೈಬ್ರರಿ ನಡೆಸುತ್ತೇವೆ. ಶಾಲೆ ಬಿಟ್ಟ ಮೇಲೆ 4.30ರಿಂದ 6.30ರವರೆಗೆ. ಬಾಡಿಗೆಗೆ ಹಿಡಿದ ಒಂದು ಹಾಲ್, ಸುಮಾರು 1,400 ಪುಸ್ತಕ, ದಿನಕ್ಕೆ 35-40 ಮಕ್ಕಳು. ನಮ್ಮದೇ ಒಂದು ಸಣ್ಣ ಟ್ರಸ್ಟ್ ಇದೆ, ನಾಲ್ಕು ವರ್ಷ ಆಯ್ತು. ಸಂಬಳ ಅಂತ ಕೊಡುವುದು ಒಬ್ಬಳಿಗೇ. ಅದೇ ಊರಿನ ಹುಡುಗಿ, ಪಿಯುಸಿ ಮುಗಿಸಿದ್ದಾಳೆ. ಬಾಗಿಲು ತೆಗೆಯುವುದು, ಪುಸ್ತಕ ಬರೆದು ಕೊಡುವುದು, ಓದಲು ಬಾರದ ಮಕ್ಕಳ ಪಕ್ಕ ಕೂತು ಓದಿಸುವುದು, ಎಲ್ಲ ಅವಳೇ.

ಎರಡು ವರ್ಷದಿಂದ ಬೆಂಗಳೂರಿನ ಕಂಪನಿಗಳಿಂದ ತಂಡಗಳು ಬರುತ್ತಿವೆ. ಮೊದಲು ತುಂಬಾ ಖುಷಿಯಾಗಿತ್ತು. ಶನಿವಾರ ಹತ್ತೂವರೆಗೆ ಬಸ್ ಬರುತ್ತೆ, 30-40 ಜನ ಇಳಿಯುತ್ತಾರೆ, ಬ್ಯಾನರ್ ಕಟ್ಟುತ್ತಾರೆ, ಗೋಡೆಗೆ ಬಣ್ಣ ಹೊಡೆಯುತ್ತಾರೆ, ಮಕ್ಕಳ ಜೊತೆ ಆಟ, ಊಟ, ಫೋಟೋ, ಮೂರು ಗಂಟೆಗೆ ವಾಪಸ್. ಎರಡು ವರ್ಷದಲ್ಲಿ ನಮ್ಮ ಒಂದೇ ಗೋಡೆಗೆ ಮೂರು ಸಲ ಬಣ್ಣ ಬಿದ್ದಿದೆ. ಮೊದಲ ತಂಡ ಒಂದು ಜಿರಾಫೆ ಬರೆದಿತ್ತು. ಮಕ್ಕಳು ಅದರ ಪಕ್ಕ ನಿಂತು ಎತ್ತರ ಅಳೆದುಕೊಂಡು, ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಹೆಸರು ತಾರೀಕು ಬರೆಯುತ್ತಿದ್ದರು. ಒಬ್ಬ ಹುಡುಗ ವರ್ಷದಲ್ಲಿ ಜಿರಾಫೆಯ ಮೊಣಕಾಲಿನಿಂದ ಹೊಟ್ಟೆವರೆಗೆ ಬಂದಿದ್ದ. ಎರಡನೇ ತಂಡ ಬಂದ ದಿನ ನಾನು ಊಟದ ವ್ಯವಸ್ಥೆಗೆ ಅಂತ ಹೊರಗೆ ಹೋಗಿದ್ದೆ. ಬರುವಷ್ಟರಲ್ಲಿ ಇಡೀ ಗೋಡೆಗೆ ಬಿಳಿ ಬಳಿದಾಗಿತ್ತು. ಯಾರದ್ದೂ ತಪ್ಪಲ್ಲ, ಅವರಿಗೆ ಆ ಗೆರೆಗಳು ಗಲೀಜಾಗಿ ಕಂಡಿವೆ. ಆದರೆ ಸೋಮವಾರ ಸಂಜೆ ಆ ಹುಡುಗ ಗೋಡೆ ಮುಂದೆ ಸುಮ್ನೆ ನಿಂತಿದ್ದು ನನಗೆ ಇವತ್ತಿಗೂ ಮರೆಯಲು ಆಗಿಲ್ಲ.

ನಮ್ಮ ಭೇಟಿ ಪುಸ್ತಕ ತೆಗೆದು ಎಣಿಸಿದೆ. ಎರಡು ವರ್ಷದಲ್ಲಿ 190ಕ್ಕೂ ಜಾಸ್ತಿ ಹೆಸರು. ಎರಡನೇ ಸಲ ಬಂದವರು ಏಳು ಜನ.

ಬಂದವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಕಳೆದ ವರ್ಷ ಬಂದ ಒಬ್ಬರು ಆಟಕ್ಕೆ ಹೋಗದೆ ಮೂಲೆಯಲ್ಲಿ ಒಬ್ಬ ಹುಡುಗಿಯ ಜೊತೆ ಕೂತು ಎರಡು ಪುಸ್ತಕ ಪೂರ್ತಿ ಓದಿಸಿದರು. ಆಮೇಲೆ ಆ ಮಗು ತಿಂಗಳುಗಟ್ಟಲೆ "ಆ ಅಣ್ಣ ಯಾವಾಗ ಬರ್ತಾರೆ" ಅಂತ ಕೇಳುತ್ತಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಜೊತೆಗೆ ಒಂದು ತಂಡ ತಮ್ಮತಮ್ಮಲ್ಲೇ ಸೇರಿಸಿ 25 ಸಾವಿರ ಕೊಟ್ಟು ಹೋಯಿತು, ಅದರಲ್ಲಿ ನಮ್ಮ ಐದು ತಿಂಗಳ ಬಾಡಿಗೆ ಕಳೆಯಿತು. ಹಾಗಾಗಿ ಬೇಡ ಅನ್ನಲೂ ಧೈರ್ಯ ಬರುವುದಿಲ್ಲ.

ಈಗ ಮತ್ತೆ ಒಂದು ಮೇಲ್ ಬಂದಿದೆ. ಡಿಸೆಂಬರ್ 5 ಸ್ವಯಂಸೇವಕರ ದಿನವಂತೆ, ಆ ವಾರ 60 ಜನ ಬರುತ್ತಾರಂತೆ, "ಏನಾದರೂ ಚಟುವಟಿಕೆ" ಇಟ್ಟುಕೊಳ್ಳಿ ಅಂತ. ಅದು ಇಲ್ಲಿ ಕಡಲೆಕಾಯಿ ಒಕ್ಕಣೆ ಸಮಯ, ಅರ್ಧ ಮಕ್ಕಳು ಮನೆಯವರ ಜೊತೆ ಕಾಯಿ ಬಿಡಿಸುತ್ತಾ ಕೂತಿರುತ್ತಾರೆ. ಅವರನ್ನು ಕರೆಸಿ 60 ಜನರ ಮುಂದೆ ಕೂರಿಸಬೇಕು.

ನನ್ನ ಪ್ರಶ್ನೆ ಎರಡು. ಇವರಿಗೆ ಬೇಜಾರಾಗದ ಹಾಗೆ ಏನು ಹೇಳಲಿ? ಇನ್ನೊಂದು, ಬಣ್ಣ ಬೇಡ, ನಮ್ಮ ಹುಡುಗಿಯ ಸಂಬಳಕ್ಕೆ ಸಹಾಯ ಮಾಡಿ ಅಂತ ಕೇಳುವುದು ತಪ್ಪಾ? ಒಬ್ಬರು ನನಗೆ ಮುಖಕ್ಕೇ ಹೇಳಿದರು, "ಸೇವೆ ಅಂದ ಮೇಲೆ ಸಂಬಳ ಯಾಕೆ ಮೇಡಂ?"

---

ವೈಟ್‌ಫೀಲ್ಡ್ ಕಡೆಯವನು

ಮೇಡಂ, ನಾನು ಆ ಬಸ್ ಕಳಿಸುವ ಕಡೆಯಲ್ಲಿ ಕೆಲಸ ಮಾಡುವವನು. ಒಂದು ಕಂಪನಿಯಲ್ಲಿ ನೌಕರರ ವಾಲಂಟಿಯರಿಂಗ್ ನೋಡಿಕೊಳ್ಳುತ್ತೇನೆ. ಜಿರಾಫೆ ವಿಷಯ ಓದಿ ಹೊಟ್ಟೆ ಚುರ್ ಅಂತು.

ನಮ್ಮ ಕಡೆ ಹೇಗೆ ನಡೆಯುತ್ತೆ ಅಂತ ಹೇಳುತ್ತೇನೆ, ಆಗ ಯಾರ ಹತ್ತಿರ ಏನು ಮಾತಾಡಬೇಕು ಅಂತ ನಿಮಗೆ ಗೊತ್ತಾಗುತ್ತೆ. ಈಗ ತುಂಬಾ ಕಂಪನಿಗಳಲ್ಲಿ ಸ್ವಯಂಸೇವೆಗೆ ಅಂತ ವರ್ಷಕ್ಕೆ ಒಂದೆರಡು ದಿನ ಸಂಬಳ ಸಹಿತ ರಜೆ ಇರುತ್ತೆ. ನಮ್ಮ ವಿಭಾಗಕ್ಕೆ ಗುರಿ ಕೊಡುವುದು "ಎಷ್ಟು ಗಂಟೆ, ಎಷ್ಟು ಜನ" ಅನ್ನುವ ಲೆಕ್ಕದಲ್ಲಿ. 60 ಜನ ಒಂದು ದಿನ ಹೋದರೆ 300-400 ಗಂಟೆ ಒಂದೇ ಏಟಿಗೆ ಸೇರುತ್ತೆ. ಅದೇ ಐದು ಜನ ವರ್ಷವಿಡೀ ತಿಂಗಳಿಗೊಂದು ಸಲ ಹೋದರೂ ಅಷ್ಟೇ ಗಂಟೆ ಆಗುತ್ತೆ, ಆದರೆ ಅದನ್ನು ನಡೆಸಲು ಹನ್ನೆರಡು ಸಲ ತಲೆ ಕೆಡಿಸಿಕೊಳ್ಳಬೇಕು. ಹಾಗಾಗಿ ಎಲ್ಲರೂ ಬಸ್ ಹಿಡಿಯುತ್ತಾರೆ. ಅದೂ ಅಕ್ಟೋಬರ್ 2ರಿಂದ 8ರ ದಾನ್ ಉತ್ಸವದ ವಾರ, ಡಿಸೆಂಬರ್ 5ರ ಆಸುಪಾಸು, ಮಾರ್ಚ್ ಕೊನೆ, ಈ ಮೂರು ಕಡೆ ಎಲ್ಲ ಒಟ್ಟಿಗೆ ಬಂದು ಬೀಳುತ್ತೆ. ಸಾಲದ್ದಕ್ಕೆ ವಿಶ್ವಸಂಸ್ಥೆ 2026ನ್ನು ಸ್ವಯಂಸೇವಕರ ವರ್ಷ ಅಂತ ಘೋಷಿಸಿದೆ. ಇಂಥ ಮೇಲ್‌ಗಳು ಇನ್ನೂ ಜಾಸ್ತಿ ಆಗುತ್ತವೆ ಅಂತ ನನ್ನ ಅಂದಾಜು.

ನನ್ನ ಅನುಭವದ ಒಂದು ಮಾತು. ನೀವು "60 ಬೇಡ" ಅಂದರೆ ನಮಗೆ ಬೇಜಾರಾಗುವುದಿಲ್ಲ. "ಬೇಡ" ಅಂತ ಹೇಳಿ ಅಲ್ಲಿಗೇ ನಿಲ್ಲಿಸಿದರೆ ಮಾತ್ರ ನಾವು ಬೇರೆ ಊರು ಹುಡುಕುತ್ತೇವೆ. ಮೂರು ವರ್ಷದ ಹಿಂದೆ ಆನೇಕಲ್ ಕಡೆಯ ಒಂದು ಶಾಲೆಗೆ 50 ಜನ ಬರುತ್ತೇವೆ ಅಂದಾಗ ಅಲ್ಲಿಯ ಮುಖ್ಯೋಪಾಧ್ಯಾಯಿನಿ ನೇರವಾಗಿ ಹೇಳಿದರು: "ಆರು ಜನ ಸಾಕು. ಆದರೆ ಎರಡನೇ ಶನಿವಾರ ಅಂದರೆ ಎರಡನೇ ಶನಿವಾರ, ಮಾರ್ಚ್‌ವರೆಗೆ. ಕಂಪ್ಯೂಟರ್ ಕಲಿಸಿ." ನನಗೆ ಆಗ ಸ್ವಲ್ಪ ಕೋಪ ಬಂದಿದ್ದು ನಿಜ. ಇವತ್ತು ನಮ್ಮಲ್ಲಿ ನಿಂತಿರುವ ಕೆಲಸ ಅಂದರೆ ಅದೊಂದೇ. ಆ ಆರು ಜನರಲ್ಲಿ ಇಬ್ಬರು ಕಂಪನಿ ಬಿಟ್ಟರೂ ಶಾಲೆ ಬಿಟ್ಟಿಲ್ಲ.

ಹಾಗಾಗಿ ನಿಮ್ಮ ಮೇಲ್‌ನಲ್ಲಿ ಹೀಗೆ ಬರೆಯಿರಿ. ನಮಗೆ ನಾಲ್ಕು ಜನ ಬೇಕು, ಕನ್ನಡ ಓದಲು ಮಾತಾಡಲು ಬರಬೇಕು, ಆರು ತಿಂಗಳು ತಿಂಗಳಿಗೊಂದು ಶನಿವಾರ ತಪ್ಪದೆ ಬರಬೇಕು, ಬರುವ ಮೊದಲು ಒಂದು ಗಂಟೆ ನಮ್ಮ ಜೊತೆ ಫೋನಿನಲ್ಲಿ ಕೂರಬೇಕು. ಉಳಿದ 56 ಜನಕ್ಕೆ ಕೂತಲ್ಲಿಂದಲೇ ಮಾಡುವ ಕೆಲಸ ಕೊಡಿ. 1,400 ಪುಸ್ತಕದ ಪಟ್ಟಿ ಕಂಪ್ಯೂಟರಿಗೆ ಹಾಕಬೇಕಾ? ಹರಿದ ಪುಸ್ತಕದ ಬದಲು ಹೊಸದು ಕೊಡಿಸಬೇಕಾ? ಅಂಥದ್ದು. ಮತ್ತೆ ಮಕ್ಕಳ ಫೋಟೋ ವಿಷಯ ಮೊದಲೇ ಬರೆದುಬಿಡಿ, ಅಪ್ಪ ಅಮ್ಮ ಒಪ್ಪದೆ ಮಗುವಿನ ಮುಖ ಎಲ್ಲೂ ಹಾಕುವ ಹಾಗಿಲ್ಲ ಅಂತ. ಮಗುವಿನ ಜೊತೆ ಯಾರನ್ನೂ ಒಬ್ಬರನ್ನೇ ಒಳಗಿನ ಕೋಣೆಯಲ್ಲಿ ಬಿಡಬೇಡಿ, ಎಷ್ಟೇ ದೊಡ್ಡ ಕಂಪನಿಯವರಾದರೂ.

---

ಲೆಕ್ಕಪತ್ರ (ಹುಬ್ಬಳ್ಳಿ)

ಸಂಬಳದ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಸಣ್ಣ ಟ್ರಸ್ಟ್‌ಗಳ ಲೆಕ್ಕ ನೋಡುವುದೇ ನನ್ನ ಕೆಲಸ.

ಮೇಡಂ, ಕೇಳುವುದು ತಪ್ಪಲ್ಲ. ಕಾನೂನೂ ಅಡ್ಡ ಬರುವುದಿಲ್ಲ. ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಕಾನೂನು 2013ರ ಕಂಪನಿ ಕಾಯ್ದೆಯ 135ನೇ ಕಲಂ, ಜಾರಿಗೆ ಬಂದದ್ದು 2014ರ ಏಪ್ರಿಲ್ 1ರಿಂದ. ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ, ಇದರಲ್ಲಿ ಯಾವುದಾದರೂ ಒಂದು ದಾಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಆಡಳಿತ ವೆಚ್ಚ 5% ಮೀರಬಾರದು ಅಂತ ನಿಯಮ ಇದೆಯಲ್ಲ, ಅದನ್ನು ಹಿಡಿದುಕೊಂಡು "ಸಂಬಳಕ್ಕೆ ಕೊಡಲಾಗದು" ಅನ್ನುತ್ತಾರೆ. ಅದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸುವ ಖರ್ಚಿಗೆ ಹಾಕಿದ ಮಿತಿ. ಯೋಜನೆಯನ್ನು ನೇರವಾಗಿ ನಡೆಸುವ ಖರ್ಚು ಅದರಲ್ಲಿ ಸೇರುವುದಿಲ್ಲ. ನಿಮ್ಮ ಲೈಬ್ರರಿ ಅಂದರೆ ಆ ಹುಡುಗಿಯೇ ಅಲ್ವಾ? ಅವಳ ಸಂಬಳ ಯೋಜನೆಯ ಖರ್ಚು. ಹಾಗಂತ ಬಜೆಟ್‌ನಲ್ಲಿ ಮೊದಲ ಸಾಲಿನಲ್ಲೇ ಬರೆಯಿರಿ. ಕೊನೆಗೆ "ಇತರೆ" ಅಂತ ಸೇರಿಸಿ ಬಚ್ಚಿಡಬೇಡಿ.

ಇನ್ನೊಂದು ತಿಳಿದುಕೊಳ್ಳಿ. ನೌಕರರು ಬಂದು ಕೊಟ್ಟ ಸಮಯಕ್ಕೆ ದುಡ್ಡಿನ ಬೆಲೆ ಕಟ್ಟಿ ಆ 2%ರಲ್ಲಿ ತೋರಿಸಲು ಆಗುವುದಿಲ್ಲ. ಅಂದರೆ 60 ಜನ ಬಂದು ಹೋದರೆ ಕಂಪನಿಯ ಸಿಎಸ್‌ಆರ್ ಲೆಕ್ಕಕ್ಕೆ ಏನೂ ಸೇರುವುದಿಲ್ಲ. ವಾಲಂಟಿಯರ್ ಬರುವುದು ಬೇರೆ ಬಾಗಿಲು, ಸಿಎಸ್‌ಆರ್ ದುಡ್ಡು ಬರುವುದು ಬೇರೆ ಬಾಗಿಲು. ನೀವು ಒಂದು ಬಾಗಿಲಲ್ಲಿ ನಿಂತು ಇನ್ನೊಂದರದ್ದನ್ನು ಕೇಳುತ್ತಿದ್ದೀರಿ. ಮೇಲ್ ಕಳಿಸಿದವರ ಹತ್ತಿರ ಸಿಎಸ್‌ಆರ್ ನೋಡುವವರು ಯಾರು ಅಂತ ಕೇಳಿ ಅವರ ಜೊತೆ ಮಾತಾಡಿ.

ಅದಕ್ಕೆ ಮೊದಲು ನಿಮ್ಮ ಕಾಗದ ಸರಿ ಇರಬೇಕು. ಆದಾಯ ತೆರಿಗೆಯ 12ಎ (ಟ್ರಸ್ಟ್‌ನ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದಾನಿಗಳಿಗೆ ವಿನಾಯಿತಿ) ನೋಂದಣಿ ಇದೆಯಾ? 2021ರ ಏಪ್ರಿಲ್‌ನಿಂದ ಸಿಎಸ್‌ಆರ್ ದುಡ್ಡು ಪಡೆಯುವ ಪ್ರತಿ ಸಂಸ್ಥೆಯೂ ಕಂಪನಿ ವ್ಯವಹಾರ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ ಮಾಡಿಸಬೇಕು. ಅಂಥದ್ದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವವೂ ಬೇಕು, ನಿಮಗೆ ನಾಲ್ಕು ಆಗಿದೆ, ತೊಂದರೆ ಇಲ್ಲ. ನನ್ನ ಹತ್ತಿರ ಬರುವ ಎಷ್ಟೋ ಹಳ್ಳಿ ಟ್ರಸ್ಟ್‌ಗಳು ಒಳ್ಳೆ ಕೆಲಸ ಮಾಡಿರುತ್ತವೆ, ಆದರೆ ಒಂದೇ ಒಂದು ವರ್ಷದ ಆಡಿಟ್ ಆಗಿರುವುದಿಲ್ಲ. ಅಲ್ಲಿಗೆ ಮುಗಿಯಿತು.

ಸಣ್ಣ ದಾನಿಗಳ ಬಗ್ಗೆಯೂ ಒಂದು ಮಾತು. ಮೊದಲು ಮಾರ್ಚ್ ಬಂತು ಅಂದರೆ 80ಜಿ ರಸೀದಿಗೆ ಫೋನ್ ಮೇಲೆ ಫೋನ್ ಬರುತ್ತಿತ್ತು. ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿ ಸಿಗುವುದಿಲ್ಲ, 2023-24ರಿಂದ ನಾವಾಗಿ ಬೇರೆ ಆರಿಸಿಕೊಳ್ಳದಿದ್ದರೆ ಹೊಸ ಪದ್ಧತಿಯೇ ಅನ್ವಯ. ಸಂಬಳದಾರರು ಸಾಲುಸಾಲಾಗಿ ಅದಕ್ಕೆ ಹೋಗುತ್ತಿದ್ದಾರೆ. ಹಾಗಾಗಿ "ತೆರಿಗೆ ಉಳಿಯುತ್ತೆ, ಕೊಡಿ" ಅನ್ನುವ ಮಾತು ಇನ್ನು ಹೆಚ್ಚು ದಿನ ನಡೆಯಲ್ಲ. ನನ್ನ ಕಣ್ಣಿಗೆ ಬೀಳುತ್ತಿರುವುದು ಬೇರೆ. ತಿಂಗಳಿಗೆ 200, 300 ರೂಪಾಯಿ ಯುಪಿಐನಲ್ಲಿ ತಾನಾಗಿಯೇ ಹೋಗುವ ಹಾಗೆ ಇಟ್ಟವರು ರಸೀದಿಯನ್ನೂ ಕೇಳುವುದಿಲ್ಲ, ಕೊಡುವುದನ್ನೂ ನಿಲ್ಲಿಸುವುದಿಲ್ಲ. ಅಂಥ 40 ಜನ ಸಿಕ್ಕರೆ ನಿಮ್ಮ ಹುಡುಗಿಯ ಸಂಬಳ ಯಾವ ಕಂಪನಿಯ ಮೇಲೂ ನಿಂತಿರುವುದಿಲ್ಲ. ಆದರೂ 80ಜಿ ಇದ್ದರೆ ದಾನಿಗಳ ಪಟ್ಟಿಯನ್ನು ಪ್ರತಿ ವರ್ಷ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸುವುದು ಮರೆಯಬೇಡಿ, ತಡವಾದರೆ ದಿನಕ್ಕೆ 200 ರೂಪಾಯಿ ದಂಡ ಬೀಳುತ್ತೆ.

---

ಭಾನುವಾರ ಕೆರೆ

ನಾನೂ ಆ ಬಸ್ಸಿನಲ್ಲಿ ಹೋದವಳೇ. ಬೇರೆ ಊರು, ಬೇರೆ ಗೋಡೆ. ಓದಿ ಸ್ವಲ್ಪ ನೋವಾಯ್ತು, ಆದರೆ ಸುಳ್ಳು ಅಂತ ಹೇಳಲಾರೆ.

ಒಂದು ಮಾತು ಮಾತ್ರ ಹೇಳಬೇಕು. ಆ ಒಂದು ದಿನ ಹೋಗದಿದ್ದರೆ ನಾನು ಯಾವತ್ತೂ ಶುರು ಮಾಡುತ್ತಲೇ ಇರಲಿಲ್ಲ. ಕಾಲೇಜು, ಕೆಲಸ, ಪಿಜಿ, ಇಷ್ಟೇ ಇತ್ತು. ಆ ದಿನ ಸಂಜೆ ವಾಪಸ್ ಬರುವಾಗ, ಇಷ್ಟೇನಾ, ಇನ್ನೇನಾದರೂ ಮಾಡಬಹುದಾ ಅನ್ನಿಸಿತು. ಯಾರೂ ನಮಗೆ "ಮುಂದಿನ ವಾರ ಬಾ" ಅಂತ ಹೇಳಲಿಲ್ಲ. ನಾನೇ ಹುಡುಕಿಕೊಂಡು ನಮ್ಮ ಏರಿಯಾದ ಕೆರೆ ಗುಂಪಿಗೆ ಸೇರಿದೆ. ಬೆಂಗಳೂರಿನ ಪುಟ್ಟೇನಹಳ್ಳಿ ಕೆರೆಗೆ 2010ರಲ್ಲಿ ಅಲ್ಲಿಯ ನಿವಾಸಿಗಳೇ ಟ್ರಸ್ಟ್ ಮಾಡಿಕೊಂಡು ನಿಂತ ಹಾಗೆ ನಮ್ಮಲ್ಲೂ ಒಂದಿಷ್ಟು ಅಂಕಲ್ ಆಂಟಿಯರು ಕೆರೆ ನೋಡಿಕೊಳ್ಳುತ್ತಾರೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಹೋಗಿ ಜೊಂಡು ಎಳೆಯುತ್ತೇವೆ. ಒಂದು ವಾರ ತಪ್ಪಿಸಿದರೆ ಸೋಮವಾರ ಒಬ್ಬ ಅಂಕಲ್ ಫೋನ್ ಮಾಡಿ "ಹುಷಾರಿದ್ದೀಯಾ ಮಗ" ಅಂತ ಕೇಳುತ್ತಾರೆ. ಒಂದೂವರೆ ವರ್ಷ ಆಯ್ತು. ನನ್ನನ್ನು ಹಿಡಿದಿಟ್ಟಿರುವುದು ಆ ಫೋನೇ.

ಅಕ್ಕ, ಪುಸ್ತಕ ಓದಿಸಿದ ಆ ಅಣ್ಣನಿಗೆ ನೀವು ಫೋನ್ ಮಾಡಿದ್ರಾ? ಅವರ ಹೆಸರು ನಂಬರ್ ಭೇಟಿ ಪುಸ್ತಕದಲ್ಲಿ ಇರುತ್ತೆ ಅಲ್ವಾ?

---

ನಿವೃತ್ತ ಮೇಷ್ಟ್ರು, ಸಾಗರ

ಹುಡುಗಿ ಕೇಳಿದ್ದು ಸರಿಯಾದ ಪ್ರಶ್ನೆ.

ನೋಡಮ್ಮ, ನಮ್ಮ ಮಲೆನಾಡಿನಲ್ಲಿ ಮುಯ್ಯಾಳು ಅಂತ ಒಂದು ಪದ್ಧತಿ. ನಾಟಿ ಸಮಯಕ್ಕೆ ಅವರ ಮನೆ ಗದ್ದೆಗೆ ನಾವು ಆರು ಜನ ಹೋದರೆ, ನಮ್ಮ ಗದ್ದೆಗೆ ಅವರು ಆರು ಜನ ಬರಬೇಕು. ಯಾರೂ ಬರೆದಿಡುತ್ತಿರಲಿಲ್ಲ, ಆದರೆ ಎಲ್ಲರಿಗೂ ನೆನಪಿರುತ್ತಿತ್ತು. ಕೂಲಿ ಇಲ್ಲ, ಹಾಗಂತ ಪುಕ್ಕಟೆಯೂ ಅಲ್ಲ. ನಾಳೆ ನೀನು ಬಂದೇ ಬರುತ್ತೀಯ ಅನ್ನುವ ಭರವಸೆ ಮೇಲೆ ಇಡೀ ಊರಿನ ನಾಟಿ ಮುಗಿಯುತ್ತಿತ್ತು. ಈಗ ಬಸ್ಸಿನಲ್ಲಿ ಬರುವ ಮಕ್ಕಳಿಗೆ ಒಳ್ಳೆ ಮನಸ್ಸು ಇದೆ, ಆದರೆ ಅವರ ಮೇಲೆ ಯಾರ ಮುಯ್ಯಿಯೂ ಇಲ್ಲ. ಮತ್ತೆ ಬರಬೇಕು ಅಂತ ಯಾಕೆ ಅನ್ನಿಸಬೇಕು? ನೀವು ಅವರಿಂದ ಪಡೆಯುವುದಷ್ಟೇ ಅಲ್ಲ, ಅವರಿಗೂ ಏನಾದರೂ ಕೊಡಬೇಕು. ನಿಮ್ಮ ಮಕ್ಕಳು ಅವರಿಗೆ ಕಡಲೆ ಗಿಡ ತೋರಿಸಲಿ, ಕಾಯಿ ಬಿಡಿಸುವುದು ಕಲಿಸಲಿ. ಒಕ್ಕಣೆ ದಿನ ಮಕ್ಕಳನ್ನು ಹಾಲ್‌ಗೆ ಕರೆಸುವ ಬದಲು ಬಂದವರನ್ನೇ ಕಣಕ್ಕೆ ಕರೆದುಕೊಂಡು ಹೋಗಿ.

ನಾನು ಕಾಲೇಜಿನಲ್ಲಿ ಹನ್ನೊಂದು ವರ್ಷ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ನೋಡಿಕೊಂಡವನು. ಅದು ಶುರುವಾದದ್ದು 1969ರ ಸೆಪ್ಟೆಂಬರ್ 24ಕ್ಕೆ, ಗಾಂಧೀಜಿ ಜನ್ಮ ಶತಮಾನೋತ್ಸವದ ವರ್ಷ. ಒಬ್ಬ ಹುಡುಗ ಎರಡು ವರ್ಷದಲ್ಲಿ 240 ಗಂಟೆ ಕೆಲಸ ಮಾಡಬೇಕು, ಏಳು ದಿನದ ಒಂದು ಶಿಬಿರ. ನಾವು ಮೊದಲೆರಡು ವರ್ಷ ಪ್ರತಿ ಸಲ ಹೊಸ ಊರಿಗೆ ಹೋದೆವು. ಚರಂಡಿ ತೆಗೆದೆವು, ಬಂದೆವು. ಮೂರನೇ ವರ್ಷ ಹೋದ ಊರಿಗೇ ಮತ್ತೆ ಹೋಗೋಣ ಅಂತ ನಾನು ಹಠ ಹಿಡಿದೆ. ಹೋಗಿ ನೋಡಿದರೆ ನಾವು ತೆಗೆದ ಚರಂಡಿಯಲ್ಲಿ ಆಳೆತ್ತರ ಹುಲ್ಲು. ಹುಡುಗರಿಗೆ ಅವಮಾನ ಆಯಿತು. ಆ ವರ್ಷ ಅವರು ಚರಂಡಿ ಜೊತೆಗೆ ಪಂಚಾಯಿತಿ ಸದಸ್ಯರನ್ನೂ ಕೂರಿಸಿ ಮಾತಾಡಿದರು. ವಾಪಸ್ ಹೋಗದಿದ್ದರೆ ಆ ಹುಲ್ಲು ನಮಗೆ ಕಾಣುತ್ತಲೇ ಇರಲಿಲ್ಲ.

ಇನ್ನೂ ಹಿಂದಿನದು ಹೇಳುತ್ತೇನೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ, ಗಾಂಧೀಜಿ ಅಧ್ಯಕ್ಷರಾದ ಒಂದೇ ಒಂದು ಅಧಿವೇಶನ. ಅಲ್ಲಿಗೆ ಸ್ವಾತಂತ್ರ್ಯ ಹೋರಾಟಗಾರ್ತಿ ಉಮಾಬಾಯಿ ಕುಂದಾಪುರ ಅವರು 150ಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಸ್ವಯಂಸೇವಕಿಯರಾಗಿ ಸಜ್ಜು ಮಾಡಿದರು. ಹೆಣ್ಣುಮಕ್ಕಳು ಹೊಸ್ತಿಲು ದಾಟುವುದೇ ಕಷ್ಟ ಇದ್ದ ಕಾಲ. ಹಾರ್ಡೀಕರ್ ಅವರು ಕಟ್ಟಿದ ಕಾಂಗ್ರೆಸ್ಸಿನ ಸ್ವಯಂಸೇವಕ ಪಡೆ ಸೇವಾದಳದಲ್ಲಿ ಸ್ವಯಂಸೇವಕ ಅಂದರೆ ಮೊದಲು ತರಬೇತಿ, ಆಮೇಲೆ ಕೆಲಸ. ಈಗ ತರಬೇತಿಯೇ ಇಲ್ಲ, ಟೀ ಶರ್ಟ್ ಹಾಕಿಕೊಂಡರೆ ಆಯಿತು. ಇದು ನನಗೆ ನಿಜವಾಗಿಯೂ ಬೇಸರದ ವಿಷಯ.

ಕೊನೆಗೊಂದು ಕೇಳುವುದಿದೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಅರಿವು ಕೇಂದ್ರ, ಅಂದರೆ ಪಂಚಾಯಿತಿ ಗ್ರಂಥಾಲಯ, ಇದೆಯಲ್ಲವೇ? ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಇಲಾಖೆ 2019ರಲ್ಲಿ ತನ್ನ ಕೈಗೆ ತೆಗೆದುಕೊಂಡಿತು, 2020ರಲ್ಲಿ ‘ಓದುವ ಬೆಳಕು’ ಶುರು ಮಾಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ರಾಜ್ಯದಲ್ಲಿ ಅಂಥವು 5,600ಕ್ಕೂ ಹೆಚ್ಚು ಇವೆ. ಅಲ್ಲಿಯ ಮೇಲ್ವಿಚಾರಕರನ್ನು ಒಮ್ಮೆ ಹೋಗಿ ನೋಡಿ. ಪುಸ್ತಕ ಅದಲು ಬದಲು ಮಾಡಿಕೊಂಡರೂ ನಿಮ್ಮ ಮಕ್ಕಳಿಗೆ ಹೊಸದು ಸಿಗುತ್ತದೆ.

---

ರಾಯಚೂರು ಹುಡುಗಿ

ಅಕ್ಕಾ, "ಸೇವೆ ಅಂದ ಮೇಲೆ ಸಂಬಳ ಯಾಕೆ" ಅಂದವರಿಗೆ ನಾನು ಉತ್ತರ ಕೊಡಬೇಕು.

ನಾನು ಒಂದು ಸಂಸ್ಥೆಯಲ್ಲಿ ಮೂರು ವರ್ಷ "ಸಮುದಾಯ ಸ್ವಯಂಸೇವಕಿ". ಹೆಸರು ಮಾತ್ರ ಸ್ವಯಂಸೇವಕಿ. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ಸಂಜೆ ಆರು. ನಾಲ್ಕು ಹಳ್ಳಿ. ಟ್ಯಾಬ್‌ನಲ್ಲಿ ಫೋಟೋ ಸಹಿತ ಹಾಜರಿ ಹಾಕಬೇಕು, ಐದು ನಿಮಿಷ ತಡವಾದರೂ ಫೋನ್ ಬರೋದು. ಕೈಗೆ ಸಿಗುತ್ತಿದ್ದದ್ದು 6,000 ಗೌರವಧನ. ಅದರಲ್ಲಿ ಬಸ್ ಚಾರ್ಜು ನಮ್ಮದೇ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಜ್ವರ ಬಂದು ನಾಲ್ಕು ದಿನ ಮಲಗಿದರೆ ಆ ನಾಲ್ಕು ದಿನದ್ದು ಕಟ್. ಒಮ್ಮೆ ಕೇಳಿದ್ದಕ್ಕೆ "ನೀವು ನೌಕರರಲ್ಲ, ಸ್ವಯಂಸೇವಕರು" ಅಂದರು. ಹಾಜರಿ ಹಾಕಿಸುವಾಗ ನೌಕರರು, ಸಂಬಳ ಕೇಳಿದಾಗ ಸ್ವಯಂಸೇವಕರು. ಈಗ ಬಹಳ ಕಡೆ ಹೀಗೇ ನಡೆಯುತ್ತಿದೆ, ನನ್ನ ಗೆಳತಿಯರು ಬೇರೆ ಬೇರೆ ಕಡೆ ಇದ್ದಾರೆ, ಎಲ್ಲರದ್ದೂ ಇದೇ ಕಥೆ.

ಆಶಾ ಅಕ್ಕಂದಿರನ್ನೇ ನೋಡಿ. 2005ರಲ್ಲಿ ಆ ಯೋಜನೆ ಬಂದಾಗಿಂದ ಕಾಗದದಲ್ಲಿ ಅವರು ಸ್ವಯಂಸೇವಕಿಯರೇ. ಬಾಣಂತಿ ಮನೆಗೆ ಮಧ್ಯರಾತ್ರಿ ಓಡುವವರು ಅವರು, ಕೊರೊನಾದಲ್ಲಿ ಮನೆ ಮನೆ ತಿರುಗಿದವರು ಅವರು. ತಿಂಗಳಿಗೆ ಇಂತಿಷ್ಟು ಅಂತ ಖಚಿತವಾಗಿ ಕೊಡಿ ಅಂತ 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಬಂದು ಕೂರಬೇಕಾಯಿತು.

ಬೆಂಗಳೂರಿಂದ ಬರುವ ವಾಲಂಟಿಯರ್‌ಗೆ ಅವರ ಕಂಪನಿ ಆ ದಿನದ ಸಂಬಳ ಕೊಡುತ್ತೆ, ಮೇಲೆ ಒಬ್ಬರು ಬರೆದಿದ್ದಾರೆ ನೋಡಿ. ಕೊಡಲಿ, ಒಳ್ಳೇದು. ಹಾಗಾದರೆ ವರ್ಷವಿಡೀ ಬಾಗಿಲು ತೆಗೆಯುವ ಹುಡುಗಿಗೆ ಯಾಕೆ ಬೇಡ? ಅಕ್ಕಾ, ನೀವು ಸಂಬಳ ಅಂತಲೇ ಕರೆಯಿರಿ. ಗೌರವಧನ ಅನ್ನಬೇಡಿ. ನೇಮಕಾತಿ ಪತ್ರ ಒಂದು ಕೊಡಿ ಅವಳಿಗೆ. ನನಗೆ ಮೂರು ವರ್ಷದ ಕೆಲಸಕ್ಕೆ ತೋರಿಸಲು ಒಂದು ಕಾಗದ ಇಲ್ಲ.

---

ಮ್ಯೂನಿಕ್‌ನಿಂದ

ನಾನು ತುಮಕೂರಿನವಳೇ, ಆರು ವರ್ಷದಿಂದ ಜರ್ಮನಿಯಲ್ಲಿದ್ದೇನೆ. ಮಧುಗಿರಿ ಹೆಸರು ನೋಡಿ ಬರೆಯುತ್ತಿದ್ದೇನೆ.

ದೂರ ಇರುವವರು ಏನು ಮಾಡಬಹುದು ಅಂತ ನಾನೂ ತುಂಬಾ ದಿನ ಕೇಳಿಕೊಂಡಿದ್ದೇನೆ. ಕೊರೊನಾ ಸಮಯದಲ್ಲಿ ಸ್ಟೋರಿವೀವರ್‌ನಲ್ಲಿ ಮಕ್ಕಳ ಕಥೆಗಳನ್ನು ಕನ್ನಡಕ್ಕೆ ತರುವುದು ಶುರು ಮಾಡಿದೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ತಾಣ ಅದು. ಅಲ್ಲಿಯ ಕಥೆಗಳು ಮುಕ್ತ ಪರವಾನಗಿಯಲ್ಲಿ ಇರುವುದರಿಂದ ನೀವು ಯಾರನ್ನೂ ಕೇಳದೆ ಪ್ರಿಂಟ್ ತೆಗೆದು ಲೈಬ್ರರಿಯಲ್ಲಿ ಇಡಬಹುದು, ಬರೆದವರ ಹೆಸರು ಇದ್ದರಾಯ್ತು. ನಾನು ರಾತ್ರಿ ಮಗು ಮಲಗಿದ ಮೇಲೆ ವಾರಕ್ಕೆ ಒಂದು ಗಂಟೆ ಕೂರುತ್ತೇನೆ. ಒಂದು ಸಾಲಿಗೆ ಸರಿಯಾದ ಪದ ಸಿಗದೆ ಅಮ್ಮನಿಗೆ ಫೋನ್ ಮಾಡಿದ್ದೂ ಇದೆ. "ಮರಿ ಆನೆ ಸೊಂಡಿಲಲ್ಲಿ ನೀರು..." ಅಂದರೆ "ಎರಚಿತು" ಅನ್ನಲಾ "ಚಿಮ್ಮಿಸಿತು" ಅನ್ನಲಾ ಅಂತ. ನಿಮ್ಮ ಮಕ್ಕಳು ಓದಿ ಯಾವ ಪದ ಅರ್ಥ ಆಗಲಿಲ್ಲ ಅಂತ ಹೇಳಿದರೆ ನನಗೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ.

ದುಡ್ಡಿನ ವಿಷಯದಲ್ಲಿ ಒಂದು ಎಚ್ಚರ. ಹೊರದೇಶದಲ್ಲಿರುವ ಯಾರಾದರೂ ಕೊಡುತ್ತೇನೆ ಅಂದರೆ ಮೊದಲು ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿ. ನನ್ನದು ಇನ್ನೂ ಭಾರತದ್ದು, ನನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಓಸಿಐ ಕಾರ್ಡ್ ಇರುವವರು (ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರು) ಕೊಟ್ಟರೆ ವಿದೇಶಿ ದೇಣಿಗೆಯೇ ಆಗುತ್ತೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ ತೆಗೆದುಕೊಳ್ಳುವ ಹಾಗಿಲ್ಲ. 2020ರ ತಿದ್ದುಪಡಿ ಆದ ಮೇಲೆ ನಿಯಮ ಇನ್ನೂ ಬಿಗಿ. ದೊಡ್ಡ ಸಂಸ್ಥೆಯೊಂದು ವಿದೇಶಿ ದೇಣಿಗೆ ಪಡೆದು ನಿಮ್ಮಂಥ ಸಣ್ಣವರಿಗೆ ಹಂಚುವುದನ್ನೂ ನಿಲ್ಲಿಸಿದ್ದಾರೆ. ಪ್ರೀತಿಯಿಂದ ಕೊಟ್ಟ ದುಡ್ಡು ನಿಮಗೆ ತೊಂದರೆ ತರಬಾರದು.

---

ಲೆಕ್ಕಪತ್ರ (ಹುಬ್ಬಳ್ಳಿ)

ಮ್ಯೂನಿಕ್ ಮೇಡಂ ಹೇಳಿದ್ದು ಸರಿ. ರಾಯಚೂರಿನ ತಂಗಿ ಹೇಳಿದ ನೇಮಕಾತಿ ಪತ್ರ ಆಡಿಟ್‌ಗೂ ಬೇಕು. ಸಂಬಳ ನಗದು ಕೊಡಬೇಡಿ, ಅವಳ ಖಾತೆಗೇ ಹಾಕಿ.

---

ಸಂಜೆ ಓದುಮನೆ (ಮಧುಗಿರಿ ತಾಲ್ಲೂಕು)

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರ ಮಾತನ್ನೂ ನಮ್ಮ ಹುಡುಗಿಗೆ ಓದಿ ಹೇಳಿದೆ. ರಾಯಚೂರಿನವರದ್ದು ಓದುವಾಗ ಅವಳು ಏನೂ ಮಾತಾಡಲಿಲ್ಲ, ಎದ್ದು ಹೋಗಿ ಕಪಾಟು ಒರೆಸುತ್ತಾ ನಿಂತಳು. ಮಾರನೇ ದಿನವೇ ನೇಮಕಾತಿ ಪತ್ರ ಟೈಪ್ ಮಾಡಿಸಿ ಕೊಟ್ಟೆ. ನಾಲ್ಕು ವರ್ಷದಲ್ಲಿ ಇದು ನನಗೆ ಹೊಳೆದಿರಲಿಲ್ಲ, ಅದಕ್ಕೆ ನಾಚಿಕೆ ಆಗುತ್ತೆ.

ಕಂಪನಿಗೆ ವೈಟ್‌ಫೀಲ್ಡ್ ಸರ್ ಹೇಳಿದ ಹಾಗೆ ಬರೆದೆ. ನಾಲ್ಕು ಜನ, ಆರು ತಿಂಗಳು, ಮೂರನೇ ಶನಿವಾರ, ಕನ್ನಡ ಬರಬೇಕು. ಎರಡು ದಿನ ಉತ್ತರ ಇರಲಿಲ್ಲ, ನನಗೆ ನಿದ್ದೆ ಇರಲಿಲ್ಲ. ಆಮೇಲೆ ಫೋನ್ ಬಂತು. 60 ಜನರ ಬಸ್ ಬೇರೆ ಕಡೆ ಹೋಗುತ್ತಂತೆ. ಆದರೆ ಮೂರು ಜನ ತಾವಾಗಿಯೇ ಬರುತ್ತೇವೆ ಅಂದಿದ್ದಾರೆ. ಒಬ್ಬರು ಮಂಡ್ಯದವರು, ಒಬ್ಬರು ಬೀದರ್, ಇನ್ನೊಬ್ಬರಿಗೆ ಕನ್ನಡ ಓದಲು ಅಷ್ಟು ಬರುವುದಿಲ್ಲವಂತೆ, ಮಕ್ಕಳ ಜೊತೆ ಕಲಿಯಬಹುದಾ ಅಂತ ಕೇಳಿದರು. ನಾನು ಬನ್ನಿ ಅಂದೆ. ಮೇಷ್ಟ್ರು ಹೇಳಿದ ಮುಯ್ಯಿ ನೆನಪಾಯಿತು. ಸಿಎಸ್‌ಆರ್ ನೋಡುವವರ ಮೇಲ್ ವಿಳಾಸವೂ ಸಿಕ್ಕಿದೆ.

ಮತ್ತೆ ಭಾನುವಾರ ಕೆರೆಯವರು ಕೇಳಿದ ಪ್ರಶ್ನೆಗೆ ಉತ್ತರ: ಇಲ್ಲ, ನಾನು ಫೋನ್ ಮಾಡಿರಲಿಲ್ಲ. ನಂಬರ್ ಭೇಟಿ ಪುಸ್ತಕದಲ್ಲಿ ಒಂದು ವರ್ಷದಿಂದ ಇತ್ತು. ಮೊನ್ನೆ ಮಾಡಿದೆ. ಅವರು ಕೆಲಸ ಬದಲಿಸಿ ಈಗ ಪುಣೆಯಲ್ಲಿದ್ದಾರೆ. "ಆ ಹುಡುಗಿ ಇನ್ನೂ ನೆನಪಿಟ್ಟಿದ್ದಾಳಾ?" ಅಂತ ಎರಡು ಸಲ ಕೇಳಿದರು. ಬುಧವಾರ ಸಂಜೆ ಐದು ಗಂಟೆಗೆ ವಿಡಿಯೋ ಕಾಲ್‌ನಲ್ಲಿ ಓದಿಸುತ್ತೇನೆ ಅಂದಿದ್ದಾರೆ. ನಿನ್ನೆ ಮೊದಲ ಬುಧವಾರ. ಮಗು ನಾಲ್ಕೂವರೆಗೇ ಬಂದು, ಹೋದ ಸಲ ಓದಿದ ಅದೇ ಪುಸ್ತಕ ಹುಡುಕಿಕೊಂಡು, ಫೋನ್ ಮುಂದೆ ಕೂತಿತ್ತು. ನೆಟ್‌ವರ್ಕ್ ಎರಡು ಸಲ ಕಟ್ ಆಯ್ತು, ಆದರೂ ಮುಗಿಸಿದರು.

ಮ್ಯೂನಿಕ್ ಅಕ್ಕ, ನಿಮ್ಮ ಕಥೆಗಳ ಹೆಸರು ಕಳಿಸಿ, ಪ್ರಿಂಟ್ ತೆಗೆಸುತ್ತೇನೆ. "ಎರಚಿತು" ಅಂದರೆ ನಮ್ಮ ಮಕ್ಕಳಿಗೆ ಚೆನ್ನಾಗಿ ಅರ್ಥ ಆಗುತ್ತೆ, ಕೇಳಿ ನೋಡಿದೆ.

ಲೆಕ್ಕಪತ್ರ ಸರ್, ನಮಗೆ 12ಎ ಇದೆ, 80ಜಿ ಅರ್ಜಿ ಹಾಕಿಲ್ಲ. ಟ್ರಸ್ಟ್ ಡೀಡ್‌ನಲ್ಲಿ ನಮ್ಮ ಹಳೇ ವಿಳಾಸ ಇದೆ, ಹಾಲ್ ಬಾಡಿಗೆಗೆ ತೆಗೆದುಕೊಂಡದ್ದು ಆಮೇಲೆ. ಮೊದಲು ವಿಳಾಸ ಬದಲಿಸಬೇಕಾ, ಇಲ್ಲ ಬಾಡಿಗೆ ಕರಾರು ಪತ್ರ ಇಟ್ಟರೆ ಸಾಕಾ?